ಕಾಲೇಜಲ್ಲಿ ಕಲಿತದ್ದನ್ನು ಸ್ವಂತ ಉದ್ಯೋಗಕ್ಕೆ ಹಚ್ಚುವುದು ಹೇಗೆ: ಪುಣೆಯ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಮಕ್ಕಳಿಗೆ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ (ಎಂಐಡಿಸಿ) ಬಹಳಷ್ಟು ಸಣ್ಣ ಕಾರ್ಖಾನೆ ಶೆಡ್‌ಗಳಿಗೆ ಗುರುವಾರ ರಜೆ. ಭಾನುವಾರ ಕೆಲಸ ಇರುತ್ತದೆ. ನಿಮ್ಮ ಕಾಲೇಜಿಗೆ ಭಾನುವಾರ ರಜೆ, ಅಲ್ವಾ? ಅಂದರೆ ಒಂದು ಕ್ಲಾಸೂ ತಪ್ಪಿಸದೆ ವಾರಕ್ಕೊಮ್ಮೆ ನಿಜವಾದ ಕಾರ್ಖಾನೆಯೊಳಗೆ ನಿಲ್ಲಬಹುದು. ಸ್ವಂತದ್ದು ಏನಾದರೂ ಮಾಡಬೇಕು ಕಾಕಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮದು ಇಂಡಿ ತಾಲ್ಲೂಕು. ಅಪ್ಪ ಕೆಲಸ ಹುಡುಕಿಕೊಂಡು ಪಿಂಪರಿಗೆ ಬಂದಾಗ ನನಗೆ ಆರು ವರ್ಷ. ಇಲ್ಲೇ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದೆ, ಏಳು ವರ್ಷ ಬೇರೆಯವರ ಶೆಡ್‌ನಲ್ಲಿ ದುಡಿದೆ, ಈಗ ಹನ್ನೊಂದು ವರ್ಷದಿಂದ ಭೋಸರಿಯಲ್ಲಿ ನನ್ನದೇ ಟರ್ನಿಂಗ್ ಮಿಲ್ಲಿಂಗ್ ಕೆಲಸ, ಅಂದರೆ ಮೆಷಿನ್ ಮೇಲೆ ಲೋಹ ಕಡೆದು ಬಿಡಿಭಾಗ ಮಾಡುವ ಕೆಲಸ, ನಡೀತಾ ಇದೆ. ಕಾಲೇಜಿನ ಬಗ್ಗೆ ನನಗೆ ದೂರಿಲ್ಲ. ಡ್ರಾಯಿಂಗ್ ಓದುವುದು, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ) ಯಾಕೆ ಬೇಕು, ಯಾವ ಲೋಹ ಎಲ್ಲಿ ಬಿರುಕು ಬಿಡುತ್ತದೆ, ಇದೆಲ್ಲ ಕಾಲೇಜು ಕೊಟ್ಟದ್ದು. ಅದಿಲ್ಲದಿದ್ದರೆ ನಾನು ಇವತ್ತೂ ಮೆಷಿನ್ ಒರೆಸುತ್ತಿದ್ದೆ. ಆದರೆ ಮೂರು ಕೆಲಸ ಅಲ್ಲಿ ಕಲಿಯಲಿಲ್ಲ: ಗಿರಾಕಿ ಹುಡುಕುವುದು, ರೇಟ್ ತೆಗೆಯುವುದು, ಹಣ ವಸೂಲಿ ಮಾಡುವುದು. ಈ ಮೂರನ್ನೂ ಓದುತ್ತಿರುವಾಗಲೇ ಕಲಿಯಬಹುದು, ಆಗಲೇ ಕಲಿಯಬೇಕು. ಆಗ ತಪ್ಪಾದರೆ ಕಳೆದುಕೊಳ್ಳುವುದು ಎರಡು ಮೂರು ಸಾವಿರ. ಸಾಲ ತೆಗೆದು ಮೆಷಿನ್ ಇಳಿಸಿದ ಮೇಲೆ ತಪ್ಪಾದರೆ ಮನೆಯೇ ಅಲ್ಲಾಡುತ್ತದೆ.

ಪ್ರಶ್ನೆ ಯಾರೂ ಕೊಡುವುದಿಲ್ಲ

ಕಾಲೇಜಲ್ಲಿ ಪ್ರಶ್ನೆ ಬೇರೆಯವರು ಕೊಡುತ್ತಾರೆ. ಬೇಕಾದ ಸಾಮಾನು ಮೇಜಿನ ಮೇಲೆ ಇರುತ್ತದೆ. ಉತ್ತರ ಒಂದೇ. ಮೂರು ನಾಲ್ಕು ವರ್ಷ ಹೀಗೇ ನಡೆದರೆ ಯಾರೋ ಬಂದು ಪ್ರಶ್ನೆ ಕೊಡಲಿ ಅಂತ ಕಾಯುವ ರೂಢಿ ಮೈಗೆ ಹತ್ತಿಬಿಡುತ್ತದೆ. ನನ್ನ ಮಟ್ಟಿಗೆ, ಚೆನ್ನಾಗಿ ಓದಿದ ಮಕ್ಕಳು ಸ್ವಂತ ಉದ್ಯೋಗಕ್ಕೆ ಹಿಂದೇಟು ಹಾಕುವುದಕ್ಕೆ ದೊಡ್ಡ ಕಾರಣ ಇದು. ಹಣದ ಕೊರತೆ ಆಮೇಲಿನ ಮಾತು.

ಇದು ನಮ್ಮ ದೇಶದ್ದೊಂದೇ ತೊಂದರೆ ಅಲ್ಲ. ನೈಜೀರಿಯಾದಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಎಲ್ಲರಿಗೂ ಉದ್ಯಮಶೀಲತೆ ಕಡ್ಡಾಯ ಪಾಠ. ನಮ್ಮ ಮಹಾರಾಷ್ಟ್ರದ ಡಿಪ್ಲೊಮಾದಲ್ಲೂ ಆ ಹೆಸರಿನ ವಿಷಯ ಇದೆ. ಪಾಠ ಇದ್ದರೆ ಒಳ್ಳೆಯದೇ. ಆದರೆ ಯಾವ ಥರದ ಪಾಠ ಅನ್ನುವುದು ಮುಖ್ಯ. ಪಶ್ಚಿಮ ಆಫ್ರಿಕಾದ ಟೋಗೋ ದೇಶದ ರಾಜಧಾನಿ ಲೋಮೆಯಲ್ಲಿ 1,500 ಸಣ್ಣ ವ್ಯಾಪಾರಿಗಳನ್ನು ಮೂರು ಗುಂಪು ಮಾಡಿ ಒಂದು ಪ್ರಯೋಗ ನಡೆಸಿದರು, ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲೆಕ್ಕ, ಮಾರ್ಕೆಟಿಂಗ್ ಅಂತ ಮಾಮೂಲಿ ತರಬೇತಿ. ಇನ್ನೊಂದು ಗುಂಪಿಗೆ ತಾವಾಗಿಯೇ ಮುಂದೆ ಬೀಳುವುದು, ಮುಂದಿನದನ್ನು ಯೋಚಿಸುವುದು, ಅಡ್ಡಿ ಬಂದರೂ ಬಿಡದೆ ಹಿಡಿಯುವುದು, ಇಂಥದ್ದರ ತರಬೇತಿ. ಮೂರನೆಯ ಗುಂಪಿಗೆ ಏನೂ ಇಲ್ಲ. ಎರಡನೆಯ ಗುಂಪಿನವರ ಲಾಭ ಸುಮಾರು 30% ಏರಿತು. ಮಾಮೂಲಿ ತರಬೇತಿ ಪಡೆದವರದು 11%, ಅದೂ ತರಬೇತಿಯಿಂದಲೇ ಆಯಿತು ಅಂತ ಖಚಿತವಾಗಿ ಹೇಳಲಾಗದಷ್ಟು.

ಹಾಗಾಗಿ ಉದ್ಯಮಶೀಲತೆ ಪೇಪರ್‌ನಲ್ಲಿ 80 ಮಾರ್ಕ್ಸ್ ಬಂದಿದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಯಾರೂ ಹೇಳದೆ ಹೊರಗೆ ಹೋಗಿ ಒಂದು ತೊಂದರೆ ಹುಡುಕಿಕೊಂಡು ಬನ್ನಿ.

ಹೋಟೆಲಿಗೆ ಹೋಗಿ, ಮೂರೂವರೆಗೆ

ಪುಣೆಯ ಕನ್ನಡ ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಬಳಸುವುದಿಲ್ಲ. ಊರ ತುಂಬ ಉಡುಪಿ, ಕುಂದಾಪುರ ಕಡೆಯವರ ಹೋಟೆಲ್‌ಗಳಿವೆ. ಕನ್ನಡದಲ್ಲಿ ಮಾತಾಡಿಸಿದರೆ ಹತ್ತು ನಿಮಿಷ ಕೊಡುತ್ತಾರೆ. ಆದರೆ ಊಟದ ಹೊತ್ತಿಗೆ ಹೋದರೆ ಯಾರೂ ಮಾತಾಡುವುದಿಲ್ಲ. ಮಧ್ಯಾಹ್ನ ಮೂರೂವರೆಗೆ ಹೋಗಿ, ಆಗ ಯಜಮಾನರು ಗಲ್ಲಾದ ಹತ್ತಿರ ಚಹಾ ಕುಡಿಯುತ್ತಾ ಕೂತಿರುತ್ತಾರೆ.

ಎರಡು ವರ್ಷದ ಹಿಂದೆ ಡಿಪ್ಲೊಮಾ ಓದುವ ಮೂವರು ಹುಡುಗರು ನನ್ನ ಹತ್ತಿರ ಬಂದಿದ್ದರು. ಹೋಟೆಲ್‌ಗಳಿಗೆ ಒಂದು ಆ್ಯಪ್ ಮಾಡುತ್ತೇವೆ ಅಂದರು. ಏನು ಆ್ಯಪ್, ಯಾರು ಕೇಳಿದರು ಅಂದರೆ ಉತ್ತರ ಇಲ್ಲ. ಆ್ಯಪ್ ವಿಷಯ ಬಾಯಿ ಬಿಡಬೇಡಿ, ಹೋಗಿ ಎರಡೇ ಪ್ರಶ್ನೆ ಕೇಳಿ ಅಂತ ಕಳಿಸಿದೆ. ಕಳೆದ ತಿಂಗಳು ಏನು ಕೆಟ್ಟು ಹೋಯಿತು? ಅದಕ್ಕೆ ಎಷ್ಟು ಖರ್ಚಾಯಿತು?

ಒಬ್ಬ ಯಜಮಾನರು ಹೇಳಿದ್ದನ್ನು ಹುಡುಗರು ಹಾಗೇ ಬರೆದುಕೊಂಡು ಬಂದರು. "ಸಂಜೆ ಹಿಟ್ಟು ರುಬ್ಬುವಾಗ ಗ್ರೈಂಡರ್ ನಿಂತಿತು ಮಾರಾಯ. ರಿಪೇರಿಯವನು ನಾಳೆ ಬರ್ತೇನೆ ಅಂದ. ನಾಳೆ ಬಂದು ಏನು ಮಾಡ್ಲಿಕ್ಕೆ? ಬೆಳಿಗ್ಗೆ ಇಡ್ಲಿ ಇಲ್ಲ."

ಮೂವರೂ ಹದಿನಾಲ್ಕು ಹೋಟೆಲ್ ಸುತ್ತಿದರು. ಹೆಚ್ಚು ಕಡೆ ಒಂದೇ ಕಥೆ. ರುಬ್ಬಿದ ಮೇಲೆ ಪೈಪ್ ಹಿಡಿದು ಜೋರಾಗಿ ತೊಳೆಯುತ್ತಾರೆ, ಸೀಲ್ ದಾಟಿ ಬೇರಿಂಗ್‌ಗೆ ನೀರು ಹೋಗುತ್ತದೆ, ಗ್ರೀಸ್ ತೊಳೆದು ಹೋಗಿ ಬೇರಿಂಗ್ ಸವೆಯುತ್ತದೆ. ಬೆಲ್ಟ್ ಸಡಿಲ ಆದದ್ದನ್ನು ಯಾರೂ ನೋಡುವುದಿಲ್ಲ. ಇದು ಮೂರನೇ ಸೆಮಿಸ್ಟರ್‌ನ ಪಾಠದಷ್ಟೇ ಸುಲಭ! ಕಲಿತ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು, ಆದರೆ ತೊಂದರೆ ಎಲ್ಲಿದೆ ಅಂತ ಗೊತ್ತಾದ ಮೇಲೆ. ತಿಂಗಳಿಗೊಮ್ಮೆ ಬಂದು ಗ್ರೀಸ್, ಬೆಲ್ಟ್, ಸೀಲ್ ನೋಡುತ್ತೇವೆ, ನಿಂತರೆ ಎರಡು ಗಂಟೆಯಲ್ಲಿ ಬರುತ್ತೇವೆ, ಒಂದು ಸ್ಪೇರ್ ಮೋಟಾರ್ ನಮ್ಮ ಹತ್ತಿರ ಇರುತ್ತದೆ. ಹೀಗಂತ ಒಪ್ಪಂದ ಮಾಡಿಕೊಂಡರು. ಬೇರಿಂಗ್ ಮೇಲೆ ನೀರು ಬೀಳದಂತೆ ಒಂದು ತಗಡಿನ ಮುಚ್ಚಳವನ್ನು ಅವರೇ ಡಿಸೈನ್ ಮಾಡಿದರು, ಅದೇ ಕೊನೆಯ ವರ್ಷದ ಪ್ರಾಜೆಕ್ಟ್ ಕೂಡ ಆಯಿತು.

ನೀವೂ ಹೀಗೆ ಹೋಗುವಾಗ ಒಂದು ಎಚ್ಚರ ಇಟ್ಟುಕೊಳ್ಳಿ. "ನಾವು ಇಂಥದ್ದು ಮಾಡಿದರೆ ತೊಗೋತೀರಾ?" ಅಂತ ಕೇಳಬೇಡಿ. ಓದುವ ಮಕ್ಕಳ ಮನಸ್ಸು ನೋಯಿಸಬಾರದು ಅಂತ ಎಲ್ಲರೂ ಹೂಂ ಅನ್ನುತ್ತಾರೆ. ಹಿಂದೆ ಏನಾಯಿತು, ಎಷ್ಟು ಕೊಟ್ಟರು ಅಂತ ಮಾತ್ರ ಕೇಳಿ. ಕೊನೆಗೆ ಸಣ್ಣ ಮುಂಗಡ ಕೇಳಿ, 500 ರೂಪಾಯಿ ಆದರೂ ಸರಿ. ಆಗ ಗೊತ್ತಾಗುತ್ತದೆ ಯಾರಿಗೆ ನಿಜವಾಗಿ ಬೇಕು ಅಂತ.

ಕಂಪ್ಯೂಟರ್ ಓದುವವರಿಗೂ ಇದೇ ಮಾತು. ಕೋಡ್ ಬರೆಯುವ ಮೊದಲು ಅಂಗಡಿಯವರ ಲೆಕ್ಕದ ಪುಸ್ತಕ ನೋಡಿ.

ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳಬೇಡಿ

ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ, ಬಿಡಿಭಾಗ ಕೊಂಡುಕೊಳ್ಳಿ, ಕೆಡಿಸಿ, ಮತ್ತೆ ಕೊಂಡುಕೊಳ್ಳಿ. ಆದರೆ ಯಾರೋ ಮಾಡಿಟ್ಟ ಪ್ರಾಜೆಕ್ಟನ್ನು ರಿಪೋರ್ಟ್ ಸಮೇತ ಕೊಂಡು ತರಬೇಡಿ. ಕಾಲೇಜಿನ ಲ್ಯಾಬ್, ಲೇತ್ (ಲೋಹ ಕಡೆಯುವ ಮೆಷಿನ್), ವೆಲ್ಡಿಂಗ್ ಸೆಟ್, ತಿಳಿದ ಮೇಷ್ಟ್ರು, ಇಷ್ಟೆಲ್ಲ ಪುಕ್ಕಟೆ ಸಿಗುವ ಕಾಲ ಮತ್ತೆ ಬರುವುದಿಲ್ಲ. ಗಂಟೆಗೆ 300–400 ರೂಪಾಯಿ ಕೊಟ್ಟು ಮೆಷಿನ್ ಬಾಡಿಗೆಗೆ ಹಿಡಿಯುವಾಗ ಇದು ನೆನಪಾಗುತ್ತದೆ.

ಪುಣೆಯಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಪಾಬಳ್ ಅಂತ ಊರಿದೆ. ಅಲ್ಲಿ ವಿಜ್ಞಾನ ಆಶ್ರಮ ಇದೆ. ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ಶುರು ಮಾಡಿದ್ದು. ಒಂದು ವರ್ಷದ ಗ್ರಾಮೀಣ ತಂತ್ರಜ್ಞಾನದ ಡಿಪ್ಲೊಮಾ. ಮಕ್ಕಳು ವರ್ಕ್‌ಶಾಪ್, ವಿದ್ಯುತ್, ಅಡುಗೆ-ಆರೋಗ್ಯ, ಕೃಷಿ ಎಲ್ಲವನ್ನೂ ಕೈಯಿಂದ ಮಾಡಿಯೇ ಕಲಿಯುತ್ತಾರೆ. ಊರಿನವರಿಗೆ ಬೇಕಾದ ಕೆಲಸವೇ ಅಲ್ಲಿ ಪಾಠ. ಫ್ಯಾಬ್ ಲ್ಯಾಬ್ ಅಂದರೆ ಬೇಕಾದ ವಸ್ತುವನ್ನು ಕಂಪ್ಯೂಟರ್ ಮೆಷಿನ್‌ಗಳಿಂದ ತಾವೇ ಮಾಡಿಕೊಳ್ಳುವ ವರ್ಕ್‌ಶಾಪ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೊರಗೆ ಮೊದಲು ಶುರುವಾದ ಫ್ಯಾಬ್ ಲ್ಯಾಬ್‌ಗಳಲ್ಲಿ ಒಂದು ಇಲ್ಲೇ ಇದೆ. ನೋಡಿ ಬನ್ನಿ. ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಅಲ್ಲಿ ನೋಡಿ ಕಲಿಯುವುದು ಬಹಳ ಇದೆ.

ಘಾನಾದ ಕುಮಾಸಿ ನಗರದಲ್ಲಿ ಇದನ್ನೇ ದೊಡ್ಡದಾಗಿ ಮಾಡಿದರು. ಅಲ್ಲಿ ಸುವಾಮೆ ಮ್ಯಾಗಜಿನ್ ಅಂತ ಸಾವಿರಾರು ಮೆಕ್ಯಾನಿಕ್‌ಗಳ ಬಡಾವಣೆ ಇದೆ, ನಮ್ಮ ಭೋಸರಿ ಇದ್ದ ಹಾಗೆ ಅಂದುಕೊಳ್ಳಿ. ಅಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯ 1972ರಲ್ಲಿ ಸಲಹಾ ಕೇಂದ್ರ ತೆರೆಯಿತು. ಮೆಕ್ಯಾನಿಕ್‌ಗಳು ಕ್ಯಾಂಪಸ್ಸಿಗೆ ಬರಲಿ ಅಂತ ಕಾಯದೆ 1980ರಲ್ಲಿ ಅವರ ಮಧ್ಯೆಯೇ ಒಂದು ವರ್ಕ್‌ಶಾಪ್ ಹಾಕಿತು. ನಿಮ್ಮ ಕಾಲೇಜು ಹೀಗೆ ಮಾಡಲಿ ಅಂತ ನೀವು ಕಾಯುತ್ತಾ ಕೂರಬೇಡಿ, ಭಾನುವಾರದ ಬಸ್ ಹತ್ತಿ. ಹತ್ತು ಶೆಡ್‌ನಲ್ಲಿ ಬೇಡ ಅನ್ನುತ್ತಾರೆ, ಒಂದರಲ್ಲಿ ಒಳಗೆ ಬಾ ಅನ್ನುತ್ತಾರೆ. ಮುಚ್ಚಿದ ಶೂ ಹಾಕಿಕೊಳ್ಳಿ, ಸಡಿಲ ತೋಳಿನ ಬಟ್ಟೆ ಬೇಡ, ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿ, ಡ್ರಾಯಿಂಗ್ ಗಿರಾಕಿಯದು. ಮರಾಠಿ ಮಾತಾಡಿ, ತಪ್ಪಾದರೂ ಸರಿ.

ರೇಟ್ ತೆಗೆಯುವುದು

ಇಲ್ಲಿ ಸ್ವಲ್ಪ ನಿಧಾನ ಓದಿ. ನನ್ನ ಕಣ್ಣೆದುರೇ ಮುಚ್ಚಿದ ಶೆಡ್‌ಗಳಲ್ಲಿ ಹೆಚ್ಚಿನವು ಕೆಲಸ ಇಲ್ಲದೆ ಮುಚ್ಚಲಿಲ್ಲ, ಕೈತುಂಬ ಕೆಲಸ ಇದ್ದೂ ತಪ್ಪು ರೇಟಿನಿಂದ ಮುಚ್ಚಿದವು.

ಒಂದು ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಬುಷ್, ಅಂದರೆ ಕೊಳವೆಯಂಥ ಬಿಡಿಭಾಗ ಅಂದುಕೊಳ್ಳಿ, 40 ಮಿಮೀ ವ್ಯಾಸ, 50 ಮಿಮೀ ಉದ್ದ. ಕಟಿಂಗ್‌ಗೆ 3 ಮಿಮೀ ಸೇರಿಸಿದರೆ ಸುಮಾರು 520 ಗ್ರಾಂ ಕಬ್ಬಿಣ. ಲೆಕ್ಕಕ್ಕೆ ಕೆಜಿಗೆ 75 ರೂಪಾಯಿ ಇಟ್ಟರೆ 39 ರೂಪಾಯಿ. ಲೇತ್‌ನಲ್ಲಿ 12 ನಿಮಿಷ. ಈಗ ಲೇತ್‌ನ ಒಂದು ಗಂಟೆಗೆ ಎಷ್ಟು?

ಮೆಷಿನ್ 4 ಲಕ್ಷ, ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 80,000. ಬಾಡಿಗೆ ತಿಂಗಳಿಗೆ 15,000, ಆಪರೇಟರ್ ಸಂಬಳ 18,000, ಕರೆಂಟ್ 5,000, ಎಣ್ಣೆ ಕೂಲಂಟ್ ರಿಪೇರಿಗೆ 2,000. ವರ್ಷಕ್ಕೆ ಎಲ್ಲ ಸೇರಿ 5,60,000. ಕಾಲೇಜಿನಿಂದ ಹೊಸದಾಗಿ ಬಂದವರು ಇದನ್ನು 300 ದಿನ, ದಿನಕ್ಕೆ 8 ಗಂಟೆ, ಅಂದರೆ 2,400 ಗಂಟೆಯಿಂದ ಭಾಗಿಸುತ್ತಾರೆ. ಗಂಟೆಗೆ 233 ಬರುತ್ತದೆ. ಬುಷ್‌ಗೆ 47, ಕಬ್ಬಿಣ 39, ಒಟ್ಟು 86 ಅಂತ ಕೊಟೇಶನ್ ಕಳಿಸುತ್ತಾರೆ, ಲಾಭಕ್ಕೆ ನಾಲ್ಕು ರೂಪಾಯಿ ಸೇರಿಸಿ 90.

ಆದರೆ ಲೇತ್ ದಿನಕ್ಕೆ 8 ಗಂಟೆ ತಿರುಗುವುದಿಲ್ಲ. ಸೆಟ್ಟಿಂಗ್ ಇದೆ, ಕರೆಂಟ್ ಹೋಗುತ್ತದೆ, ಆಪರೇಟರ್ ಊರ ಜಾತ್ರೆಗೆ ಹೋಗುತ್ತಾನೆ, ಕಚ್ಚಾ ಮಾಲು ತಡವಾಗಿ ಬರುತ್ತದೆ. ವರ್ಷಕ್ಕೆ 1,600 ಗಂಟೆ ನಡೆದರೆ ಹೆಚ್ಚು. ಆಗ ಗಂಟೆಗೆ 350. ಬುಷ್‌ಗೆ 70. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸವೆತ 4, ಸಾಗಾಟ 3. ಇಲ್ಲಿಗೆ 116. ನೂರಕ್ಕೆ ಮೂರು ರಿಜೆಕ್ಟ್ ಆಗುತ್ತವೆ ಅಂತಿಟ್ಟರೆ 120. ಹಣ ಬರಲು ಎರಡು ತಿಂಗಳು, ಅದರ ಬಡ್ಡಿ ಸೇರಿ 123 ಚಿಲ್ಲರೆ. ಮೇಲೆ 15% ಲಾಭ ಇಟ್ಟರೆ ಸುಮಾರು 142. ಜಿಎಸ್‌ಟಿ ಬೇರೆ.

90ಕ್ಕೂ 142ಕ್ಕೂ ಎಷ್ಟು ಅಂತರ ನೋಡಿ. 90ಕ್ಕೆ ಒಪ್ಪಿಕೊಂಡವನು ತಿಂಗಳಿಗೆ 600 ಬುಷ್ ಮಾಡಿದರೆ ಪ್ರತಿ ತಿಂಗಳೂ ಸುಮಾರು 20,000 ಕಳೆದುಕೊಳ್ಳುತ್ತಾನೆ, ಮತ್ತು ಆರ್ಡರ್ ಹೆಚ್ಚಾದಷ್ಟೂ ಬೇಗ ಮುಳುಗುತ್ತಾನೆ. ಮಾರುಕಟ್ಟೆಯಲ್ಲಿ 142 ಸಿಗದಿದ್ದರೆ ದಾರಿ ಎರಡೇ: 12 ನಿಮಿಷವನ್ನು 8ಕ್ಕೆ ಇಳಿಸುವ ಫಿಕ್ಸ್ಚರ್ (ಪೀಸನ್ನು ಬೇಗ ಬಿಗಿದು ಹಿಡಿಯುವ ಸಾಧನ) ಯೋಚಿಸಿ, ಅಥವಾ ಆ ಕೆಲಸ ಬಿಡಿ. ಮೊದಲನೆಯ ದಾರಿಗೆ ಬೇಕಾದದ್ದು ನೀವು ಓದಿದ ವಿದ್ಯೆಯೇ. ಓದದೆ ಬಂದವರಿಗಿಂತ ನಿಮಗೆ ಇರುವ ಮೇಲುಗೈ ಇಲ್ಲಿದೆ.

ನೀವು ಶೆಡ್‌ನಲ್ಲಿ ನಿಂತಾಗ ಕೈಗಡಿಯಾರ ಹಿಡಿದು ಒಂದು ಪೀಸ್‌ಗೆ ಎಷ್ಟು ಹೊತ್ತು ಬೇಕು, ಮೆಷಿನ್ ಎಷ್ಟು ಹೊತ್ತು ಸುಮ್ನೆ ನಿಂತಿತ್ತು, ಯಾಕೆ ನಿಂತಿತ್ತು ಅಂತ ಬರೆದುಕೊಳ್ಳಿ. ನಾಲ್ಕು ಭಾನುವಾರ ಬರೆದರೆ ಸಾಕು. ನಮ್ಮ ಗ್ರೈಂಡರ್ ಹುಡುಗರು ಮೊದಲು ಒಂದು ಗ್ರೈಂಡರ್‌ಗೆ ತಿಂಗಳಿಗೆ 400 ಅಂದಿದ್ದರು. ಪೆಟ್ರೋಲ್, ಸ್ಪೇರ್ ಮೋಟಾರ್‌ನ ಹಣ, ರಾತ್ರಿ ಓಡುವ ಶ್ರಮ ಲೆಕ್ಕ ಹಾಕಿ ಮೂರನೇ ತಿಂಗಳಿಗೆ 650 ಮಾಡಿದರು. ಇಬ್ಬರು ಗಿರಾಕಿಗಳು ಬಿಟ್ಟರು, ಉಳಿದವರು ಇದ್ದರು.

ಗುರ್ಲಹೊಸೂರಿನ ಮೇಷ್ಟ್ರು

ನಮ್ಮ ಕಡೆಯ ಒಬ್ಬರನ್ನು ನೆನೆಯಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು, ಬಣ್ಣ ಗುರುತಿಸುವ ತೊಂದರೆ ಇತ್ತು, ಹಾಗಾಗಿ ಮೆಕ್ಯಾನಿಕಲ್ ಡ್ರಾಯಿಂಗ್‌ಗೆ ಹೊರಳಿದರು. ಮುಂಬೈಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದರು. ಆ ಕೆಲಸ ಬಿಟ್ಟು ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ಮಣ್ಣಿಗೆ ವಿಷ ಅಂತ ರೈತರು ನಂಬಿದ್ದರಿಂದ ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು ಅಂತ ಹೇಳುತ್ತಾರೆ. 1910ರಲ್ಲಿ ಕಿರ್ಲೋಸ್ಕರ್‌ವಾಡಿ ಅನ್ನುವ ಕಾರ್ಖಾನೆಯ ಊರು ಕಟ್ಟಿದರು.

ನೇಗಿಲು ಮಾಡುವ ವಿದ್ಯೆ ಅವರ ಹತ್ತಿರ ಇತ್ತು. ರೈತನ ಭಯ ಅರ್ಥ ಮಾಡಿಕೊಳ್ಳಲು ಹೊಲಕ್ಕೆ ಹೋಗಬೇಕಾಯಿತು. ಆ ಎರಡು ವರ್ಷದ ಖರ್ಚಿಗೆ ಬೇರೆ ದುಡಿಮೆ ಬೇಕಿತ್ತು ಅನ್ನುವುದನ್ನೂ ಗಮನಿಸಿ. ಅದಕ್ಕೇ ನಾನು ಹೇಳುವುದು, ಓದು ಮುಗಿದ ಕೂಡಲೇ ಸಾಲ ಮಾಡಬೇಡಿ. ಎರಡು ಮೂರು ವರ್ಷ ಕೆಲಸ ಮಾಡಿ, ಅದೂ ಹತ್ತು ಹನ್ನೆರಡು ಜನರ ಸಣ್ಣ ಶೆಡ್‌ನಲ್ಲಿ. ದೊಡ್ಡ ಕಂಪನಿಯಲ್ಲಿ ಸಂಬಳ ಜಾಸ್ತಿ, ಕ್ಯಾಂಟೀನ್ ಚೆನ್ನಾಗಿರುತ್ತದೆ, ಆದರೆ ನಿಮಗೆ ಕಾಣುವುದು ನೀವು ನಿಂತು ಮಾಡುವ ಒಂದೇ ಕೆಲಸದ ಜಾಗ. ಸಣ್ಣ ಶೆಡ್‌ನಲ್ಲಿ ಕೊಟೇಶನ್‌ನಿಂದ ಚೆಕ್ ಬರುವ ತನಕ ಎಲ್ಲವೂ ಕಣ್ಣೆದುರೇ ನಡೆಯುತ್ತದೆ.

ಮನೆಯವರನ್ನು ಒಪ್ಪಿಸುವುದು

ಐಸೆಕ್ ಐಜೆನ್ ಅನ್ನುವ ಮನಶ್ಶಾಸ್ತ್ರಜ್ಞ 1991ರಲ್ಲಿ ಪೂರ್ತಿಯಾಗಿ ಮುಂದಿಟ್ಟ ಒಂದು ಸಿದ್ಧಾಂತವನ್ನು ವಿದ್ಯಾರ್ಥಿಗಳ ಉದ್ಯಮದ ಆಸೆ ಅಳೆಯಲು ಎಲ್ಲ ಕಡೆ ಬಳಸುತ್ತಾರೆ. ಸುಲಭವಾಗಿ ಹೇಳಿದರೆ ಮೂರು ಪ್ರಶ್ನೆ. ಇದು ನನಗೆ ಇಷ್ಟವಾ? ನನ್ನವರು ಏನನ್ನುತ್ತಾರೆ? ನನ್ನ ಕೈಲಿ ಆಗುತ್ತದಾ? ಕಾಲೇಜಿನ ಪಾಠ ಮೂರನೆಯದಕ್ಕೆ ಬಲ ಕೊಡುತ್ತದೆ. ಎರಡನೆಯದು ಮನೆಯದು. ಮಳೆ ನಂಬಿ ಸಾಕಾಗಿ ಊರು ಬಿಟ್ಟು ಬಂದವರ ಮನೆಯಲ್ಲಿ ತಿಂಗಳ ಸಂಬಳಕ್ಕೆ ಎಷ್ಟು ಬೆಲೆ ಇದೆ ಅಂತ ನನಗೆ ಗೊತ್ತು. ನಮ್ಮವ್ವನ ಭಯ ಸುಳ್ಳಾಗಿರಲಿಲ್ಲ.

ವಾದ ಮಾಡಬೇಡಿ, ಲೆಕ್ಕ ತೋರಿಸಿ. ಓದುವಾಗ ಮಾಡಿದ ಸಣ್ಣ ಕೆಲಸದ್ದೇ ಆಗಲಿ, ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದಿಡಿ: ಯಾರು ಕೊಟ್ಟರು, ಎಷ್ಟು ಖರ್ಚು, ಎಷ್ಟು ಉಳಿಯಿತು. ಎಷ್ಟು ಹಣದವರೆಗೆ, ಎಷ್ಟು ತಿಂಗಳವರೆಗೆ ಪ್ರಯತ್ನ ಮಾಡುತ್ತೀರಿ, ಆಗದಿದ್ದರೆ ಯಾವಾಗ ಕೆಲಸಕ್ಕೆ ಸೇರುತ್ತೀರಿ ಅಂತ ತಾರೀಖು ಹಾಕಿ ಹೇಳಿ. ನಾನು ಅವ್ವನಿಗೆ ವಹಿ ತೋರಿಸಿದಾಗ ಅವಳು ಲಾಭದ ಸಾಲು ನೋಡಲೇ ಇಲ್ಲ. "ಇದರಾಗ ಬಾಕಿ ಎಷ್ಟು ಐತಿ? ಯಾವಾಗ ಬರ್ತದ?" ಅಂದಳು. ಅಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಬ್ಯಾಂಕಿನವರೂ ಕೇಳಿರಲಿಲ್ಲ.

ಕಾಗದ, ಸಾಲ, ವಸೂಲಿ

ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದ ದಾಖಲೆಗೆ ಸೇರುವುದು) ಮೊದಲು ಮಾಡಿಸಿ. 2020ರ ಜುಲೈಯಿಂದ ಇದೆ, ಆಧಾರ್, ಪಾನ್ ಇದ್ದರೆ ಆನ್‌ಲೈನ್‌ನಲ್ಲಿ ಆಗುತ್ತದೆ, ಪೂರ್ತಿ ಪುಕ್ಕಟೆ. ಹಣ ಕೇಳುವ ವೆಬ್‌ಸೈಟ್ ಕಂಡರೆ ಮುಚ್ಚಿಬಿಡಿ. ಜಿಎಸ್‌ಟಿ ಮಹಾರಾಷ್ಟ್ರದಲ್ಲಿ ಮಾಲು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಕಡ್ಡಾಯ. ಆದರೆ ಬೆಳಗಾವಿಗೋ ಹುಬ್ಬಳ್ಳಿಗೋ ಮಾಲು ಮಾರಿದರೆ ರಾಜ್ಯದ ಗಡಿ ದಾಟಿದ ಲೆಕ್ಕ, ಆಗ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕು. ನಮ್ಮವರು ಎಡವುವುದು ಇಲ್ಲೇ.

ಸಾಲಕ್ಕೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ, ಕಿಶೋರ್‌ನಲ್ಲಿ 5 ಲಕ್ಷದವರೆಗೆ ಸಿಗುತ್ತದೆ. ದೊಡ್ಡದಾದರೆ 2008ರಿಂದ ನಡೆಯುತ್ತಿರುವ ಕೇಂದ್ರದ ಸಬ್ಸಿಡಿ ಸಾಲದ ಯೋಜನೆ ಪಿಎಂಇಜಿಪಿ ಇದೆ. ಅದರ ಸಬ್ಸಿಡಿ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ, ಆದ್ದರಿಂದ ಅದನ್ನು ನಂಬಿ ಮೆಷಿನ್ ಆರ್ಡರ್ ಮಾಡಬೇಡಿ. ಮಹಾರಾಷ್ಟ್ರ ಸರ್ಕಾರದ ಇಂಥದ್ದೇ ಯೋಜನೆ ಸಿಎಂಇಜಿಪಿಗೆ ಇಲ್ಲಿಯ ಡೊಮಿಸೈಲ್ (ನಿವಾಸಿ ಪ್ರಮಾಣಪತ್ರ) ಬೇಕು, ಅದಕ್ಕೆ 15 ವರ್ಷದ ವಾಸದ ದಾಖಲೆ ಕೇಳುತ್ತಾರೆ. ಶಾಲೆಯ ದಾಖಲೆ, ಬಾಡಿಗೆ ಕರಾರು, ಲೈಟ್ ಬಿಲ್ ಇವತ್ತಿನಿಂದಲೇ ಜೋಡಿಸಿಡಿ. ಅರ್ಜಿ ಹಾಕುವ ಮೊದಲು ಜಿಲ್ಲಾ ಉದ್ಯೋಗ ಕೇಂದ್ರಕ್ಕೆ, ಅಂದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ, ಒಮ್ಮೆ ಹೋಗಿ ಬನ್ನಿ, ನಿಯಮ ಬದಲಾಗುತ್ತಾ ಇರುತ್ತದೆ.

ಈಗ ಅವ್ವ ಕೇಳಿದ ಪ್ರಶ್ನೆ. ನನ್ನ ಎರಡನೇ ವರ್ಷ ಒಬ್ಬ ಗಿರಾಕಿ 2,10,000 ರೂಪಾಯಿಯನ್ನು ಏಳು ತಿಂಗಳು ಕೊಡಲಿಲ್ಲ. ಆಗ ನಾನು ಸಣ್ಣ ಉದ್ಯಮ ಅಂತ ನೋಂದಣಿಯನ್ನೇ ಮಾಡಿಸಿರಲಿಲ್ಲ, ಕಾನೂನಿನ ಆಸರೆ ಇರಲಿಲ್ಲ. ಇಬ್ಬರು ಆಪರೇಟರ್‌ಗಳ ಸಂಬಳಕ್ಕೆ ಹೆಂಡತಿಯ ಬಳೆ ಅಡ ಇಟ್ಟೆ. ನಿಮಗೆ ಹಾಗಾಗಬಾರದು. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾನೂನಿನ ಪ್ರಕಾರ ಲಿಖಿತ ಕರಾರು ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನೂ ಇದಕ್ಕೆ ಸೇರಿಕೊಂಡಿದೆ: ಹೊತ್ತಿಗೆ ಕೊಡದಿದ್ದರೆ, ಕೊಡುವ ತನಕ ಆ ಖರ್ಚನ್ನು ಗಿರಾಕಿ ತನ್ನ ಲೆಕ್ಕದಲ್ಲಿ ಕಳೆಯುವಂತಿಲ್ಲ. ಇದು ಮಾಲು ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವವರಿಗೆ ಅಲ್ಲ.

ಆದ್ದರಿಂದ ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ನಂಬರ್ ಹಾಕಿ. ಚಲನ್‌ನ (ಮಾಲಿನ ಜೊತೆ ಹೋಗುವ ಚೀಟಿಯ) ನಕಲಿನ ಮೇಲೆ ಮಾಲು ತೆಗೆದುಕೊಂಡವರ ಸಹಿ, ತಾರೀಖು, ಗೇಟಿನ ಮೊಹರು ಇರಲೇಬೇಕು. ಪರ್ಚೇಸ್‌ನವರ ಜೊತೆಗೆ ಅಕೌಂಟ್ಸ್‌ನಲ್ಲಿ ಕೂರುವವರ ಹೆಸರು, ಫೋನ್ ನಂಬರ್ ಮೊದಲ ದಿನವೇ ಕೇಳಿ ಇಟ್ಟುಕೊಳ್ಳಿ. ಬಿಲ್ ಕೊಟ್ಟು ಒಂದು ವಾರಕ್ಕೆ, ಬಿಲ್ ಎಂಟ್ರಿ ಆಯಿತಾ, ಏನಾದರೂ ಕೊರತೆ ಇದೆಯಾ ಅಂತ ಕೇಳಿ, ಯಾಕೆಂದರೆ ಅರ್ಧಕ್ಕರ್ಧ ಬಿಲ್ ನಿಲ್ಲುವುದು ಒಂದು ತಪ್ಪು ನಂಬರಿನಿಂದ. 40ನೇ ದಿನ ಮತ್ತೆ ಫೋನ್ ಮಾಡಿ. ಬೆಳಿಗ್ಗೆ ಹನ್ನೊಂದರ ಒಳಗೆ ಮಾಡಿ, ಮತ್ತು ಗುರುವಾರ ಮಾಡಬೇಡಿ.